ಗೋಡೆಯಿಂದ ಒಂದು ಮೊಳ

ಮೇಡಂ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಒಂದು ಸಭೆ ಮಾಡಿದರು. ನಾನು ಅಲ್ಲಿ ಆಯಾ ಕೆಲಸ ಮಾಡಿ ರಿಟೈರಾದವಳು. ಹೇಳಿ ಕಳಿಸಿದ್ದರು, ಲಗ್ಗೆರೆಯಿಂದ ಬಸ್ಸು ಹಿಡಿದು ಹೋದೆ. ಫೋಟೋಗೆ ಸುಗಂಧರಾಜದ ಹಾರ ಹಾಕಿ, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು. ಮೈಕಿನ ಮುಂದೆ ನಿಂತವರೆಲ್ಲ ಒಂದೇ ಪಾಠ ಒಪ್ಪಿಸಿದರು. ಮೃದು ಸ್ವಭಾವ, ಸದಾ ನಗುಮುಖ, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ. ನಾನು ಪಕ್ಕದಲ್ಲಿ ಕೂತಿದ್ದ ಹಳೇ ಲಿಫ್ಟ್‌ಮ್ಯಾನನ್ನು ಕೇಳಿದೆ, "ಏನಪ್ಪಾ, ನಾವು ಬೇರೆ ಯಾರದೋ ಸಭೆಗೆ ಬಂದುಬಿಟ್ವಾ?"

"ಸುಮ್ನಿರಮ್ಮ, ಕಾಫಿ ಕೊಡ್ತಾರೆ" ಅಂದ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ವಿಷಯ ತಿದ್ದಬೇಡ ಅಂತ ಅವಳಿಗೆ ಹೇಳಿದ್ದೇನೆ.

ಮೇಡಂ ಮೃದು ಅಲ್ಲ. ಕಿರುಚುತ್ತಿದ್ದರು. ಮೆಟ್ಟಿಲ ಮೇಲೆ, ಲಿಫ್ಟಿನಲ್ಲಿ, ರೌಂಡ್ಸಿನ ಮಧ್ಯೆ, ಎಲ್ಲಿ ಬೇಕಾದರೂ. ನನಗೂ ಬೈದಿದ್ದಾರೆ, ನಾನೂ ತಿರುಗಿಸಿ ಅಂದಿದ್ದೇನೆ. ನಗು ಅನ್ನುವುದು ಅವರ ಮುಖದಲ್ಲಿ ಹಬ್ಬದ ಹಾಗೆ, ಅಪರೂಪಕ್ಕೆ ಬಂದು ಹೋಗುತ್ತಿತ್ತು. ಹೆಸರು ಬರೆಯುವುದಿಲ್ಲ. ವಾರ್ಡಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ರಕ್ತದಮ್ಮ. ಒಂದು ಸಲ ಸಿಸ್ಟರ್ ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳಿದರು, "ಸ್ಯಾಂಪಲ್ ಬೇಗ ರೆಡಿ ಮಾಡ್ರೇ, ರಕ್ತದಮ್ಮ ಈಗ ಇಳೀತಾಳೆ!" ಅವರ ಬೆನ್ನ ಹಿಂದೆಯೇ ಮೇಡಂ ನಿಂತಿದ್ದರು. "ಇಳದಾಗೈತಿ" ಅಂದರು.

ಹಾವೇರಿ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಮಾತು ಅಲ್ಲಿಯದೇ. ಬಸವೇಶ್ವರನಗರದಲ್ಲಿ ತಂಗಿಯ ಜೊತೆ ಇದ್ದರು. ಮದುವೆ ಆಗಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಲ್ಲರೂ ನನ್ನನ್ನು ಆಯಮ್ಮ ಅಂದರೆ ಅವರು ಆಯವ್ವ ಅನ್ನುತ್ತಿದ್ದರು.

ನಮ್ಮದು ವಿಷದ ವಾರ್ಡು. ಬೇಕೆಂದು ಕುಡಿದವರು, ತಿಳಿಯದೆ ಕುಡಿದವರು, ಹೊಲದಲ್ಲಿ ಮೈಮೇಲೆ ಚೆಲ್ಲಿಕೊಂಡವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಹೆಚ್ಚಿನದು ಗಿಡಕ್ಕೆ ಹೊಡೆಯುವ ಔಷಧಿ. ಅದು ಹೊಟ್ಟೆಗೆ ಹೋದರೆ ಬಾಯಲ್ಲಿ ನೊರೆ, ಎದೆಯಲ್ಲಿ ನೀರು, ಆಮೇಲೆ ಒಂದೊಂದೇ ಅಂಗ ಸೋಲುತ್ತಾ ಬಂದು ಉಸಿರೇ ನಿಲ್ಲುತ್ತದೆ. ಅದಕ್ಕೆ ಮದ್ದು ಎರಡು. ಒಂದು ಆ ನೀರನ್ನು ಒಣಗಿಸುವುದು. ಇನ್ನೊಂದು ಅಂಗಗಳನ್ನು ವಿಷದ ಹಿಡಿತದಿಂದ ಬಿಡಿಸುವುದು. ಈ ಎರಡನೆಯದನ್ನು ವಾರ್ಡಿನಲ್ಲಿ ಪ್ಯಾಮ್ ಅನ್ನುತ್ತಿದ್ದರು. ಡ್ರಿಪ್ಪಿನಲ್ಲಿ ಬಿಡದೆ ಹೋಗುತ್ತಿರಬೇಕು. ರೋಗಿಯ ರಕ್ತದಲ್ಲಿ ಆ ಪ್ಯಾಮ್ ಎಷ್ಟು ನಿಂತಿದೆ ಅಂತ ಅಳೆದು ಹೇಳುವುದು ಮೇಡಂ ಕೆಲಸ. ಅವರ ಲ್ಯಾಬು ಎರಡನೇ ಮಹಡಿಯಲ್ಲಿತ್ತು.

ಹೀಗೆ ಮದ್ದನ್ನು ಅಳೆಯುವುದು ನನಗೆ ಮೊದಮೊದಲು ಹುಚ್ಚು ಅನ್ನಿಸಿತ್ತು. ಮೇಡಂ ಲ್ಯಾಬಿನೊಳಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ನಾನು ಅದೇ ಮೆಟ್ಟಿಲು ಒರೆಸಬೇಕು. ಏಳುವ ತನಕ ಕಾಯಬೇಕು. ಹಾಗೆ ಕಾಯುತ್ತಾ ಒಂದು ದಿನ ಕೇಳಿದೆ.

"ವಿಷ ಎಷ್ಟಿದೆ ಅಂತ ನೋಡೋದು ಬಿಟ್ಟು ಮದ್ದು ಎಷ್ಟಿದೆ ಅಂತ ನೋಡ್ತೀರಲ್ಲ ಮೇಡಂ, ಇದೆಂಥ ಕೆಲಸ? ಮದ್ದು ಹಾಕಿದ್ದು ನಾವೇ ಅಲ್ವಾ?"

"ನೀ ಸಾರಿಗೆ ಉಪ್ಪು ಹಾಕ್ತಿ ಹೌದಿಲ್ಲೋ?"

"ಹಾಕ್ತೀನಿ."

"ಹಾಕಿ ಸುಮ್ಮ ಇರ್ತೀಯೋ, ಅಂಗೈಗೆ ಒಂದ್ ಹನಿ ಹಾಕ್ಕೊಂಡು ನೆಕ್ಕಿ ನೋಡ್ತೀಯೋ?"

"ನೋಡ್ಲೇಬೇಕಲ್ಲ. ನೀರು ಎಷ್ಟು ಸುರಿದಿರ್ತೀವೋ, ಬೇಳೆ ಎಷ್ಟು ಎಳ್ಕೊಂಡಿರುತ್ತೋ."

"ಹಾಂ. ಡಾಕ್ಟರು ಉಪ್ಪು ಹಾಕ್ತಾರ. ನಾ ನೆಕ್ಕಿ ನೋಡ್ತೀನಿ."

"ಥೂ, ರಕ್ತನಾ?" ಅಂದೆ. ಅವತ್ತು ನಕ್ಕರು. ರೊಟ್ಟಿ ಗಂಟಲಿಗೆ ಸಿಕ್ಕಿಕೊಂಡು ನಾನೇ ಬೆನ್ನು ತಟ್ಟಬೇಕಾಯಿತು.

ರಕ್ತವನ್ನು ತಂಪಾಗಿ ಒಯ್ಯಬೇಕು ಅಂತ ಒಂದು ಸ್ಟೀಲ್ ಟಿಫನ್ ಡಬ್ಬಿಗೆ ಐಸ್ ತುಂಬಿಕೊಂಡು ಬರುತ್ತಿದ್ದರು. ಯಾರ ಕೈಗೂ ಕೊಡುತ್ತಿರಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ಯಾರದೋ ಕಡೆಯವರು ಡಬ್ಬಿ ನೋಡಿ "ಏನ್ ಮೇಡಂ, ಇವತ್ತು ಊಟಕ್ಕೇನು ಸ್ಪೆಷಲ್ಲು?" ಅಂತ ಕೇಳಿದರಂತೆ. ಮೇಡಂ ಮುಚ್ಚಳ ತೆಗೆದು ತೋರಿಸಿದರಂತೆ. ಆ ಮನುಷ್ಯ ಮುಂದಿನ ಮಹಡಿಯಲ್ಲೇ ಇಳಿದು ಮೆಟ್ಟಿಲು ಹಿಡಿದ ಅಂತ ಲಿಫ್ಟ್‌ಮ್ಯಾನ್ ಹೇಳುತ್ತಿದ್ದ.

ಲ್ಯಾಬಿನ ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥ ಇಡಬಾರದು ಅಂತ ಬೋರ್ಡು ಹಾಕಿದ್ದರು. ಗಣೇಶನ ಹಬ್ಬದ ಮಾರನೇ ದಿನ ಆಫೀಸಿನ ದೊಡ್ಡವರೊಬ್ಬರು ಅದರಲ್ಲಿ ಕಡುಬಿನ ಡಬ್ಬಿ ಇಟ್ಟಿದ್ದರು. ಮೇಡಂ ಡಬ್ಬಿ ಸಮೇತ ಕಸಕ್ಕೆ ಹಾಕಿದರು. ಅವರು ಬಂದು ಕೂಗಾಡಿದರು, ಇವರೂ ಕೂಗಾಡಿದರು. ಕಸದ ಬುಟ್ಟಿಯಿಂದ ಆ ಡಬ್ಬಿ ಎತ್ತಿ ತೊಳೆದುಕೊಟ್ಟವಳು ನಾನು. ಕಡುಬು ಚೆನ್ನಾಗಿಯೇ ಇತ್ತು, ಸುಮ್ಮನೆ ಹಾಳಾಯಿತು.

ಇಂಥವರನ್ನು ಮೃದು ಸ್ವಭಾವ ಅಂದರೆ ಹೇಗೆ?

ಈಗ ಚಿಕ್ಕಣ್ಣನ ವಿಷಯ ಹೇಳುತ್ತೇನೆ. ಮೇಡಂ ಯಾರು ಅಂತ ನನಗೆ ಗೊತ್ತಾದದ್ದು ಅವನು ಬಂದಾಗ.

ಚಿಕ್ಕಣ್ಣ ಕೆಂಗೇರಿ ಆಚೆ ಒಂದು ಗುಲಾಬಿ ನರ್ಸರಿಯಲ್ಲಿ ಕೆಲಸಕ್ಕಿದ್ದ. ಗಿಡಕ್ಕೆ ಹೊಡೆದು ಮಿಕ್ಕ ಔಷಧಿಯನ್ನು ಯಾರೋ ಕೂಲ್‌ಡ್ರಿಂಕ್ ಬಾಟಲಿಗೆ ಸುರಿದು ನೆರಳಲ್ಲಿ ಇಟ್ಟಿದ್ದರು. ಬಿಸಿಲಿನಿಂದ ಬಂದವನು ಎತ್ತಿ ಗಟಗಟ ಕುಡಿದ. ಮೂಗಿಗೆ ವಾಸನೆ ಬಡಿಯುವಷ್ಟರಲ್ಲಿ ಗಂಟಲು ದಾಟಿ ಆಗಿತ್ತು. ಹೆಂಡತಿ ಗೌರಮ್ಮ ಕುರುಬರಹಳ್ಳಿಯಲ್ಲಿ ಸೊಪ್ಪು ಮಾರುವವಳು. ಸೊಪ್ಪಿನ ಬುಟ್ಟಿ ಯಾರಿಗೋ ಒಪ್ಪಿಸಿ, ಒದ್ದೆ ಸೀರೆಯಲ್ಲೇ ಬಂದಿದ್ದಳು. ವಾರ್ಡಿಗೆ ಬಂದವರೆಲ್ಲ ಅವಳನ್ನು ಕೇಳುತ್ತಿದ್ದದ್ದು ಒಂದೇ, ಮನೆಯಲ್ಲಿ ಜಗಳವಾಗಿತ್ತಾ ಅಂತ. ಪೊಲೀಸಿನವರೂ ಅದನ್ನೇ ಕೇಳಿದರು.

"ಜಗಳ ದಿನಾ ಆಯ್ತದೆ ಸಾರ್. ನಿಮ್ಮನೇಲಿ ಆಗಲ್ವಾ?" ಅಂದಳು. "ಅವ್ನು ಸಾಯಕ್ಕೆ ಕುಡ್ದಿಲ್ಲ. ಬಾಯಾರಿ ಕುಡ್ದ. ಹಂಗೇ ಬರ್ಕಳಿ."

ನೀರು ಒಣಗಿಸುವ ಆ ಮೊದಲ ಮದ್ದು ಏರಿದರೆ ಮನುಷ್ಯನಿಗೆ ಬುದ್ಧಿ ತಪ್ಪುತ್ತದೆ. ಬಾಯಿ ಒಣಗಿ, ಕಣ್ಣು ಅರಳಿ, ಏನೇನೋ ಮಾತಾಡುತ್ತಾರೆ. ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಕೆಲವರು ಇರುವೆ ಹಿಡಿಯುತ್ತಾರೆ, ಕೆಲವರು ದಾರ ಎಳೆಯುತ್ತಾರೆ. ಚಿಕ್ಕಣ್ಣ ಮೊಗ್ಗು ಕೀಳುತ್ತಿದ್ದ. ಎರಡು ಬೆರಳಲ್ಲಿ ಹಿಡಿದು, ಚಿವುಟಿ, ಪಕ್ಕದಲ್ಲಿ ಇಲ್ಲದ ಬುಟ್ಟಿಗೆ ಹಾಕುವುದು. ಗೌರಮ್ಮ ಕೆನ್ನೆಗೆ ಕೈಯಿಟ್ಟುಕೊಂಡು ನೋಡಿದಳು. "ನೋಡಕ್ಕಾ, ಇಲ್ಲೂ ಡ್ಯೂಟಿ ಮಾಡ್ತಾವ್ನೆ. ಓನರ್ ನೋಡ್ಬೇಕಿತ್ತು" ಅಂದಳು.

ಹೀಗೆ ಆಡುವವರು ಮಂಚದಿಂದ ಬೀಳುತ್ತಾರೆ, ಡ್ರಿಪ್ ಕಿತ್ತುಕೊಳ್ಳುತ್ತಾರೆ. ಅದಕ್ಕೆ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟುತ್ತಿದ್ದೆವು. ನಮ್ಮವು ಹಳೇ ಕಬ್ಬಿಣದ ಮಂಚಗಳು, ಪಕ್ಕಕ್ಕೆ ತಡೆಕಂಬಿ ಇರಲಿಲ್ಲ. ಎಲ್ಲ ಮಂಚಗಳನ್ನೂ ಉದ್ದುದ್ದಕ್ಕೆ ಗೋಡೆಗೆ ಒತ್ತಿ ಇಟ್ಟಿದ್ದೆವು. ಒಂದು ಕಡೆ ಗೋಡೆ, ಇನ್ನೊಂದು ಕಡೆ ನಾವು. ಬಿದ್ದರೆ ಒಂದೇ ಕಡೆ ಬೀಳಬೇಕು. ಅದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಎಷ್ಟು ತಲೆ ಒಡೆಯುವುದು ತಪ್ಪಿದೆ. ಆದರೆ ಅದರಿಂದ ಇನ್ನೊಂದು ಆಯಿತು. ಡ್ರಿಪ್ಪಿನ ಸ್ಟ್ಯಾಂಡು ಈ ಕಡೆ, ಸಿಸ್ಟರ ಟ್ರೇ ಈ ಕಡೆ, ಸೂಜಿ ಚುಚ್ಚುವುದು ಈ ಕೈಗೆ, ರಕ್ತ ತೆಗೆಯುವುದೂ ಈ ಕೈಯಿಂದಲೇ. ಗೋಡೆ ಕಡೆಯ ಕೈಯನ್ನು ರೋಗಿ ಮನೆಗೆ ಹೋಗುವ ತನಕ ಯಾರೂ ಕೇಳುತ್ತಿರಲಿಲ್ಲ.

ಯೂನಿಟ್ಟಿನ ಡಾಕ್ಟರು ದಿನಾ ಬಂದು ಚಿಕ್ಕಣ್ಣನಿಗೆ "ಎಲ್ಲಿ, ದಿಂಬಿನಿಂದ ತಲೆ ಎತ್ತು ನೋಡೋಣ" ಅನ್ನುತ್ತಿದ್ದರು. ಕತ್ತು ಸೋತರೆ ಮುಂದಿನದು ಉಸಿರು, ಅದಕ್ಕೆ ಆ ಪರೀಕ್ಷೆ. ಮೊದಲ ದಿನ ಎತ್ತಿದ. ಆಮೇಲೆ ಎತ್ತಲಾಗಲಿಲ್ಲ. ತಲೆ ದಿಂಬಿನ ಮೇಲೆ ಕಲ್ಲಿನ ಹಾಗೆ ಬಿದ್ದಿತ್ತು. ಅದೇ ಹೊತ್ತಿಗೆ ಮೇಲಿನಿಂದ ರಿಪೋರ್ಟು ಬಂತು. ರಕ್ತದಲ್ಲಿ ಪ್ಯಾಮ್ ವಿಪರೀತ ಹೆಚ್ಚು.

ಡಾಕ್ಟರು ರಿಪೋರ್ಟು ನೋಡಿದರು, ಚಿಕ್ಕಣ್ಣನ ಕತ್ತು ನೋಡಿದರು. "ಇಷ್ಟೊಂದು ಮದ್ದು ನಿಂತಿದೆ, ಆದ್ರೂ ಕತ್ತು ಬೀಳ್ತಿದೆ. ಅಂದ್ರೆ ಇವನಿಗೆ ಇದು ಕೆಲಸ ಮಾಡ್ತಿಲ್ಲ. ಇನ್ನೂ ಕೊಟ್ರೆ ಅದೇ ಇನ್ನೊಂದು ವಿಷ ಆಗುತ್ತೆ. ನಿಲ್ಸಿ ಸಿಸ್ಟರ್" ಅಂದರು. ಅವರು ಕೆಟ್ಟವರಲ್ಲ. ಮುಂದಿದ್ದ ಕಾಗದ ಹೇಳಿದ್ದನ್ನು ಮಾಡಿದರು.

ಗೌರಮ್ಮ ನನ್ನ ಸೆರಗು ಹಿಡಿದಳು. "ಯಾಕಕ್ಕಾ ನಿಲ್ಲುಸ್ತಾವ್ರೆ? ಇನ್ನು ಬದುಕಲ್ಲ ಅಂತಾನಾ?"

"ಗೊತ್ತಿಲ್ಲ ಕಣಮ್ಮ" ಅಂದೆ. ಸಿಸ್ಟರ್ ಬಾಟಲಿಗೆ ಕೈ ಹಾಕಿದರು.

ಆಗ ಮೇಡಂ ಬಂದರು. ಓಡಿಕೊಂಡೇ ಬಂದಿದ್ದರು. ಕೈಯಲ್ಲಿ ಟಿಫನ್ ಡಬ್ಬಿ ಇರಲಿಲ್ಲ, ಚಪ್ಪಲಿಯೂ ಲ್ಯಾಬಿನದೇ.

"ಮುಟ್ಟಬ್ಯಾಡ್ರಿ!" ಅಂತ ಬಾಗಿಲಿನಿಂದಲೇ ಕೂಗಿದರು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಸೀದಾ ಮಂಚದ ಹತ್ತಿರ ಬಂದು ಕೇಳಿದರು. "ಸಿಸ್ಟರ್, ನಿನ್ನೆ ರಕ್ತ ಯಾವ ಕೈಯಾಗಿಂದ ತಗದ್ರಿ?"

"ಈ ಕೈ."

"ಡ್ರಿಪ್ ಯಾವ ಕೈಯಾಗ ಐತಿ?"

"ಈ ಕೈಯಲ್ಲೇ."

"ಹಂಗಾದ್ರ ನನಗ ಬಂದಿದ್ದು ಚಿಕ್ಕಣ್ಣನ ರಕ್ತ ಅಲ್ಲ. ಬಾಟಲಿ ರಕ್ತ. ಅಷ್ಟು ಪ್ಯಾಮ್ ಮನುಷ್ಯಾನ ಮೈಯಾಗ ನಿಲ್ಲಾಕ ಸಾಧ್ಯನ ಇಲ್ಲ. ಮನುಷ್ಯಾನ್ನ ಬಿಟ್ಟು ಬಾಟಲಿ ಅಳದು ಕೂತೀನಿ ನಾ."

ಸಿಸ್ಟರೂ ಬಿಡುವವರಲ್ಲ. "ಗೊತ್ತು ಮೇಡಂ. ಡ್ರಿಪ್ ಇರೋ ಕೈಯಿಂದ ತಗೀಬಾರ್ದು ಅಂತ ನಮ್ಗೂ ಕಲ್ಸಿದಾರೆ. ಆ ಕೈ ಗೋಡೆಗಿದೆ ನೋಡಿ. ನಾನೇನು ಗೋಡೆ ಒಳಗಿಂದ ಬಂದು ಚುಚ್ಲಾ?"

ಮೇಡಂ ಮಂಚ ನೋಡಿದರು. ಗೋಡೆ ನೋಡಿದರು. ಅಷ್ಟು ವರ್ಷ ಆ ವಾರ್ಡಿಗೆ ಬಂದವರು ಮೊದಲ ಸಲ ಅದನ್ನು ನೋಡಿದ ಹಾಗಿತ್ತು.

ಡಾಕ್ಟರು ಅಂದರು, "ಮೇಡಂ, ಈ ರಿಪೋರ್ಟಿಗೆ ನೀವೇ ಸೈನ್ ಮಾಡಿದೀರಲ್ಲ?"

"ಮಾಡೀನಿ. ಸೈನ್ ಖರೇ, ರಕ್ತ ಸುಳ್ಳು. ಇನ್ನೊಮ್ಮೆ ಅಳೀತೀನಿ. ಅಲ್ಲೀತನಕ ಡ್ರಿಪ್ ನಡೀಲಿ."

"ಅಷ್ಟರಲ್ಲಿ ಹೆಚ್ಚುಕಮ್ಮಿ ಆದ್ರೆ?"

"ನನ್ನ ಹೆಸರು ಬರೀರಿ."

"ನಿಮ್ಮ ಹೆಸರು ಬರ್ಕೊಂಡು ನಾನೇನ್ ಮಾಡ್ಲಿ ಮೇಡಂ? ಪೇಷೆಂಟ್ ನನ್ನೋನು."

"ಅದಕ್ಕ ನಿಮ್ಮನ್ನ ಕೇಳಾಕತ್ತೀನಿ" ಅಂದರು ಮೇಡಂ. ಈ ಸಲ ಕೂಗಲಿಲ್ಲ.

ಡಾಕ್ಟರು ಗಡಿಯಾರ ನೋಡಿದರು. "ಮಧ್ಯಾಹ್ನದೊಳಗೆ ರಿಪೋರ್ಟ್ ಬೇಕು. ಅಲ್ಲಿವರೆಗೂ ಓಡಲಿ" ಅಂದರು.

ಮೇಡಂ ಮಂಚದ ಕಾಲಿನ ಕಡೆಯ ಕಂಬಿ ಹಿಡಿದು ಎಳೆದರು. ಸಣ್ಣ ಹೆಂಗಸು, ಮಂಚ ಜಗ್ಗಲಿಲ್ಲ. "ಆಯವ್ವ, ಬಾ ಇಲ್ಲಿ."

"ಮೇಡಂ, ಎಳೆದ್ರೆ ಆ ಕಡೆ ಬೀಳ್ತಾನೆ."

"ಬೀಳದಂಗ ನೋಡ್ಕೊಳ್ಳಾಕ ನೀ ಇದ್ದಿ. ಸುಳ್ಳು ರಕ್ತಾ ನೋಡ್ಕೊಳ್ಳಾಕ ಯಾರದಾರ?"

ನಾನು ಹಿಡಿದೆ. ಗೌರಮ್ಮ ಸೆರಗು ಬಿಗಿದು, ಸೊಪ್ಪಿನ ಮೂಟೆ ಎತ್ತುವ ಹಾಗೆ ಹೆಗಲು ಕೊಟ್ಟಳು. ನೆಲ ಗೀರಿಕೊಂಡು, ವಾರ್ಡಿನವರ ಹಲ್ಲು ಜುಮ್ಮೆನ್ನುವ ಹಾಗೆ ಸದ್ದು ಮಾಡಿಕೊಂಡು ಮಂಚ ಬಂತು. ಮಂಚದ ಹಿಂದೆ ಯಾವ ಕಾಲದ್ದೋ ಕಸ. ಒಂದು ಚಮಚ, ದಾಳಿಂಬೆ ಸಿಪ್ಪೆ, ಮಗುವಿನ ಒಂದು ಸಾಕ್ಸು. ನಾನು ಅದನ್ನು ಗುಡಿಸುವಷ್ಟರಲ್ಲಿ ಮೇಡಂ ಅಡ್ಡಡ್ಡ ತಿರುಗಿ ಸಂದಿಗೆ ನುಗ್ಗಿದ್ದರು. ಕೋಟಿಗೆಲ್ಲ ಗೋಡೆಯ ಸುಣ್ಣ. ಕಟ್ಟು ಬಿಚ್ಚಿ ಆ ಕೈ ಹಿಡಿದುಕೊಂಡು, "ಸಿಸ್ಟರ್, ನೀವ ತಗೀರಿ. ನಿಮ್ಮ ಕೈ ಚಲೋ ಐತಿ" ಅಂದರು.

ಬಿಚ್ಚಿದ ಕೈ ಸುಮ್ಮನಿರಲಿಲ್ಲ. ಶಕ್ತಿ ಇಲ್ಲದ ಬೆರಳಲ್ಲೇ ಚಿಕ್ಕಣ್ಣ ಮೇಡಂ ಕೋಟಿನ ಗುಂಡಿಯನ್ನು ಮೊಗ್ಗು ಅಂತ ಚಿವುಟಿದಂತೆ ಮಾಡಿ ಅವರಿಗೇ ನೀಡಿದ. ಸೂಜಿ ಹಿಡಿದ ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. "ಕೊಡಪ್ಪಾ" ಅಂತ ಅಂಗೈ ಒಡ್ಡಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ತೆಗೆದುಕೊಳ್ಳದಿದ್ದರೆ ಅವನು ಕೈ ಸಡಿಲ ಬಿಡುತ್ತಿರಲಿಲ್ಲ. ರಕ್ತ ಸಿಕ್ಕಿತು.

ಮಧ್ಯಾಹ್ನದ ಊಟದ ಗಾಡಿ ಬರುವ ಮೊದಲೇ ಇಳಿದು ಬಂದರು. "ಬೇಕಾದ್ದಕ್ಕಿಂತ ಕಮ್ಮಿ ಐತ್ರಿ" ಅಂದರು ಡಾಕ್ಟರಿಗೆ. "ಹೆಚ್ಚಲ್ಲ, ಕಮ್ಮಿ." ಡಾಕ್ಟರು ಎರಡೂ ಕಾಗದ ಅಕ್ಕಪಕ್ಕ ಇಟ್ಟು ನೋಡಿದರು. ನಿಲ್ಲಿಸಿ ಅಂದಿದ್ದ ಡ್ರಿಪ್ಪನ್ನು ಹೆಚ್ಚಿಸಿ ಅಂದರು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಸಂಜೆಯ ಹೊತ್ತಿಗೆ ಚಿಕ್ಕಣ್ಣನ ಉಸಿರು ಸೋತಿತು. ಗಂಟಲಿಗೆ ಕೊಳವೆ ಇಳಿಸಿ ಮೆಷಿನ್ನಿಗೆ ಹಾಕಿದರು. ಗೌರಮ್ಮ ಮೇಡಂ ಮೇಲೆ ಹಾರಿದಳು. "ಡಾಕ್ಟ್ರು ನಿಲ್ಸಿ ಅಂದ್ರು, ನೀವು ಬುಡ್ಲಿಲ್ಲ! ಜಾಸ್ತಿ ಮಾಡ್ಸುದ್ರಿ! ಈಗ ನೋಡಿ ಏನಾಯ್ತು!"

ಮೇಡಂ ಡಬ್ಬಿ ಹಿಡಿದುಕೊಂಡು ನಿಂತಿದ್ದರು. ಎಲ್ಲರ ಮೇಲೂ ಕೂಗುವವರು ಅವಳ ಮೇಲೆ ಕೂಗಲಿಲ್ಲ. ಮಾರನೇ ದಿನ ಬಂದರು. ಗೌರಮ್ಮ ಮುಖ ತಿರುಗಿಸಿದಳು. ಇವರು ಸಂದಿಗೆ ಹೋಗಿ ಕೈ ಹಿಡಿದು, ರಕ್ತ ತೆಗೆಸಿಕೊಂಡು, ಹೋಗಿ ಅಳೆದು, ಬಂದು ಹೇಳಿದರು. ಅದರ ಮಾರನೇ ದಿನವೂ ಅಷ್ಟೇ. ನಾನು ಕೇಳಿದೆ, "ಅವಳು ಅಷ್ಟು ಅಂದ್ಲಲ್ಲ ಮೇಡಂ, ಒಂದ್ ಮಾತು ಹೇಳ್ಬಾರ್ದಾ?" ಅದಕ್ಕೆ, "ಏನಂತ ಹೇಳ್ಲಿ? ಉಳೀತಾನ ಅಂತ ಹೇಳಾಕ ನನಗ ಗೊತ್ತಿಲ್ಲ. ಗೊತ್ತಿದ್ದಷ್ಟ ಅಳೀತೀನಿ" ಅಂದರು.

ಮೆಷಿನ್ನು ಕೆಲವು ದಿನ ಅವನ ಬದಲು ಉಸಿರಾಡಿತು. ಆಮೇಲೆ ಕೊಳವೆ ತೆಗೆದರು. ಡಾಕ್ಟರು "ಎಲ್ಲಿ, ತಲೆ ಎತ್ತು ನೋಡೋಣ" ಅಂದರು. ಗೌರಮ್ಮ ಕಾಲಿನ ಕಡೆ ನಿಂತು ತನ್ನ ಕತ್ತನ್ನೇ ಎತ್ತುತ್ತಿದ್ದಳು. ಚಿಕ್ಕಣ್ಣ ಎತ್ತಿದ. ಎತ್ತಿ ಹಾಗೇ ಹಿಡಿದ. "ಸಾಕು ಸಾಕು, ಇಳ್ಸು" ಅನ್ನಬೇಕಾಯಿತು.

ಗೌರಮ್ಮ ಹೋಗಿ ಮೇಡಂ ಕಾಲಿಗೆ ಬಿದ್ದಳು. ಮೇಡಂ ಎರಡು ಹೆಜ್ಜೆ ಹಿಂದೆ ಹಾರಿದರು. "ಏಳವಾ, ಏಳು. ಮದ್ದಿನಿಂದ ಉಳದಾನೋ, ಮೆಷಿನ್ನಿನಿಂದ ಉಳದಾನೋ, ತನ್ನ ಗಟ್ಟಿತನದಾಗ ಉಳದಾನೋ, ನನಗ ಗೊತ್ತಿಲ್ಲ. ಈ ಮದ್ದು ಕೆಲವರಿಗೆ ಎಷ್ಟ್ ಹಾಕಿದ್ರೂ ಹತ್ತಂಗಿಲ್ಲ."

ಗೌರಮ್ಮ ಎದ್ದು ಕಣ್ಣು ಒರೆಸಿಕೊಂಡಳು. ಅವಳಿಗೆ ಸಿಟ್ಟೇ ಬಂತು. "ಮತ್ತೆ ನೀವೇನ್ ಮಾಡುದ್ರಿ?"

"ಎಷ್ಟೈತಿ ಅಂತ ಖರೇ ಹೇಳೀನಿ. ಅಷ್ಟ."

ಇದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ. ಇನ್ನೊಂದನ್ನೂ ಹೇಳಲಿಲ್ಲ. ನಮ್ಮ ವಾರ್ಡಿನ ರಕ್ತ ಅಳೆದು ಅಳೆದು ಮೇಡಂ ದೊಡ್ಡದೊಂದು ಲೇಖನ ಬರೆದಿದ್ದರು. ದೆಹಲಿಯಲ್ಲಿ ಡಾಕ್ಟರುಗಳ ಮುಂದೆ ಓದುವುದಿತ್ತು, ಟಿಕೆಟ್ಟೂ ಆಗಿತ್ತು. ಚಿಕ್ಕಣ್ಣನದು ಗೊತ್ತಾದ ಮೇಲೆ ಹೋಗಲಿಲ್ಲ. ಮಂಚಗಳೆಲ್ಲ ಗೋಡೆಗಿದ್ದವಲ್ಲ, ಅಷ್ಟು ಅಳತೆಯಲ್ಲಿ ಮನುಷ್ಯರದು ಯಾವುದು, ಬಾಟಲಿಯದು ಯಾವುದು? ಹೋಗಿ ಓದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾವಂತೂ ಹೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಲ್ಯಾಬಿನಿಂದ ಕಾಗದದ ಕಟ್ಟು ತಂದು ನನ್ನ ಕಸದ ಗಾಡಿಗೆ ಹಾಕಿದರು. "ಎಲ್ಲಾನೂ ಎಸೀಬೇಕಾ ಮೇಡಂ?" ಅಂದೆ. "ಉಪ್ಪು ಹೆಚ್ಚಾದ ಸಾರಿಗೆ ನೀರು ಹಾಕಬಹುದು ಆಯವ್ವ. ಹುಳಾ ಬಿದ್ದ ಸಾರಿಗೆ?" ಅಂದರು. ಮೊದಲಿನಿಂದ ಶುರು ಮಾಡಿದರು.

ಆಮೇಲೆ ಮಂಚದ ಯುದ್ಧ. ಪ್ರತಿ ಮಂಚವೂ ಗೋಡೆಯಿಂದ ಒಂದು ಮೊಳ ಈಚೆಗೆ ಇರಬೇಕು ಅಂತ ಹಠ ಹಿಡಿದರು. ಆಫೀಸಿನವರು ಟ್ರಾಲಿ ಓಡಾಡುವುದು ಹೇಗೆ ಅಂದರು. ಕಡುಬು ಕಳೆದುಕೊಂಡವರೇ ಅದರಲ್ಲಿ ಮುಂದೆ. ನಾವು ಆಯಾಗಳು ಬಿದ್ದರೆ ಯಾರು ಹೊಣೆ ಅಂದೆವು. ಮೇಡಂ ಒಬ್ಬೊಬ್ಬರ ಹತ್ತಿರವೂ ಹೋಗಿ ಕೂಗಾಡಿದರು. ಕೊನೆಗೆ ಮಂಚಕ್ಕೆ ತಡೆಕಂಬಿ ಬೆಸೆಸಿಕೊಡುವ ತನಕ ಬಿಡಲಿಲ್ಲ. ಕಂಬಿ ಬಂದ ಮೇಲೆ ನಮಗೂ ತಕರಾರು ಉಳಿಯಲಿಲ್ಲ. ದಿನಾ ಬೆಳಿಗ್ಗೆ ಬಂದು ಗೋಡೆಗೂ ಮಂಚಕ್ಕೂ ನಡುವೆ ಮೊಣಕೈ ಊರಿ, ಬೆರಳ ತುದಿ ಚಾಚಿ ಅಳೆಯುತ್ತಿದ್ದರು. "ಒಂದು ಮೊಳ. ಒಬ್ಬರು ಹೋಗಾಕ ಸಾಕು."

"ನಿಮ್ಮ ಮೊಳಕ್ಕೆ ನಾನು ಹಿಡಿಯಲ್ಲ ಮೇಡಂ" ಅಂದೆ. ನಾನು ಆಗ ದಪ್ಪಗಿದ್ದೆ. ಆವಾಗಲೂ ನಕ್ಕರು.

ಗೌರಮ್ಮ ಅವರಿಗೆ ಸೊಪ್ಪು ಕೊಡಲು ಕಾಯುತ್ತಿದ್ದಳು. ಮೇಡಂ ಕುರುಬರಹಳ್ಳಿಯ ಮೇಲೇ ಮನೆಗೆ ಹೋಗಬೇಕು. ಕಂಡರೆ ಸಾಕು, ದಂಟು, ಮೆಂತ್ಯ, ಸಬ್ಬಸಿಗೆ ಚೀಲಕ್ಕೆ ತುರುಕುತ್ತಿದ್ದಳು. ಮೇಡಂ ಪುಕ್ಕಟೆ ಸೊಪ್ಪಿಗೆ ಹೆದರಿ ದಾರಿ ಬದಲಾಯಿಸಿ ಸುತ್ತು ಹಾಕಿ ಹೋಗಲು ಶುರು ಮಾಡಿದರು. ಡಾಕ್ಟರಿಗೆ ಹೆದರದವರು, ಆಫೀಸಿಗೆ ಹೆದರದವರು! ಗೌರಮ್ಮ ನನ್ನ ಹತ್ತಿರ ದೂರು ಹೇಳುತ್ತಿದ್ದಳು, "ಏನಕ್ಕಾ ಅವ್ರು, ಸೊಪ್ಪಿಗೆ ವಿಷ ಹೊಡ್ದಿರ್ತೀನಿ ಅನ್ಕಂಡವ್ರಾ?"

ನಾನು ರಿಟೈರಾದೆ, ಆಮೇಲೆ ಅವರೂ ಆದರು. ನಾವೇನು ಮನೆಗೆ ಹೋಗಿ ಬರುವ ಪೈಕಿ ಅಲ್ಲ. ಅವರಿಗೆ ಲಕ್ವ ಹೊಡೆದಿದೆ, ಮನೆ ಹತ್ತಿರದ ಯಾವುದೋ ನರ್ಸಿಂಗ್ ಹೋಮಿನಲ್ಲಿ ಇದ್ದಾರೆ ಅಂತ ಸುದ್ದಿ ಬಂದಾಗ ಹೋದೆ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ.

ತಂಗಿ ಪಕ್ಕದಲ್ಲಿ ಕೂತಿದ್ದರು. "ಎಲ್ಲಾದಕ್ಕೂ ಸುಮ್ಮ ಇರ್ತಾಳ್ರಿ. ರಕ್ತಾ ತಗೊಳ್ಳಾಕ ಬಂದ್ರ ಮಾತ್ರ ಕೈ ಕಸಗೊಂತಾಳ. ನಿನ್ನೆ ಇಬ್ಬರು ಹಿಡಕೊಂಡು ತಗದ್ರು. ಸಣ್ಣ ಹುಡುಗರಗತೆ ಹಠಾ" ಅಂದರು.

ಹೇಳುತ್ತಿದ್ದ ಹಾಗೇ ನರ್ಸು ಹುಡುಗಿ ಟ್ರೇ ಹಿಡಿದು ಬಂದಳು. ಮೇಡಂ ಎಡಗೈಯನ್ನು ಎದೆಗೆ ಅವುಚಿಕೊಂಡರು. ಡ್ರಿಪ್ಪು ಆ ಕೈಯಲ್ಲೇ ಇತ್ತು. ಬಿದ್ದುಹೋದ ಬಲಗೈ ಗೋಡೆ ಕಡೆ ಇತ್ತು. ಮಂಚ ಗೋಡೆಗೆ ಒತ್ತಿತ್ತು.

"ಅಜ್ಜಿ, ಪ್ಲೀಸ್ ಅಜ್ಜಿ, ಕೈ ಕೊಡಿ. ಒಂದೇ ಸೆಕೆಂಡು" ಅಂದಳು ಹುಡುಗಿ.

"ಹಠ ಅಲ್ಲಮ್ಮ ಅದು" ಅಂದೆ. "ಡ್ರಿಪ್ ಹಾಕಿರೋ ಕೈ ಅಲ್ವಾ?"

"ಗೊತ್ತು ಅಜ್ಜಿ. ಡ್ರಿಪ್ ಸ್ವಲ್ಪ ಹೊತ್ತು ನಿಲ್ಸಿ ತಗೋತೀನಿ. ಆ ಕಡೆ ಹೋಗೋಕೆ ಜಾಗ ಎಲ್ಲಿದೆ, ನೀವೇ ನೋಡಿ."

ಹಳೇ ಸಿಸ್ಟರ ಮಾತೇ. ಜಾಗ ಎಲ್ಲಿದೆ.

ನನ್ನ ಚೀಲ ತಂಗಿಯ ಕೈಗೆ ಕೊಟ್ಟೆ. ಮಂಚಕ್ಕೆ ಚಕ್ರ ಇತ್ತು. ಚಕ್ರದ ಬ್ರೇಕು ಕಾಲಲ್ಲಿ ಎತ್ತಿ, ಕಂಬಿ ಹಿಡಿದು ಎಳೆದೆ. ನಮ್ಮ ಕಾಲದ ಕಬ್ಬಿಣವಲ್ಲ, ಸಲೀಸಾಗಿ ಬಂತು. ಆದರೂ ಸೊಂಟ ಹಿಡಿಯಿತು. "ಏನ್ ಮಾಡಾಕತ್ತೀರಿ, ಬಿಡ್ರಿ, ಬಿಡ್ರಿ" ಅಂತ ತಂಗಿ ಎದ್ದು ನಿಂತರು. ನಾನು ಗೋಡೆಗೆ ಮೊಣಕೈ ಊರಿ, ಬೆರಳ ತುದಿ ಮಂಚಕ್ಕೆ ಮುಟ್ಟಿಸಿ ಅಳೆದೆ. ಮೇಡಂ ನೋಡುತ್ತಿದ್ದರು. ಸ್ವಲ್ಪ ಕಡಿಮೆ ಇತ್ತು, ಇನ್ನೊಂದು ಸಲ ಎಳೆದೆ.

ಎದೆಗೆ ಅವುಚಿದ್ದ ಕೈ ಸಡಿಲವಾಯಿತು.

ನಾನು ಈಗ ಸಣ್ಣಗಾಗಿದ್ದೇನೆ, ಆ ಮೊಳಕ್ಕೆ ಹಿಡಿದೆ. ಸಂದಿಗೆ ಹೋಗಿ ಬಲಗೈ ಎತ್ತಿ ಹಿಡಿದುಕೊಂಡೆ. ತೂಕದ ಕೈ, ತಣ್ಣಗಿತ್ತು. ನರ್ಸು ಒಳಗೆ ಬರಬೇಕಾದರೆ ನಾನು ಹೊರಗೆ ಹೋಗಬೇಕು, ಇಬ್ಬರಿಗೆ ಜಾಗ ಇಲ್ಲ. ಅವಳು ಕಾಲಿನ ಕಡೆಯಿಂದ ಬಗ್ಗಿ ಹೇಗೋ ಚುಚ್ಚಿದಳು. ಮೇಡಂ ಅಲುಗಲಿಲ್ಲ. ಕೊಳವೆ ತುಂಬಿತು.

ರಿಪೋರ್ಟಿನಲ್ಲಿ ಏನು ಬಂತೋ ನನಗೆ ಗೊತ್ತಿಲ್ಲ. ಅದಾದ ಮೇಲೆ ಮೇಡಂ ಹೆಚ್ಚು ದಿನ ಇರಲಿಲ್ಲ. ಅವತ್ತು ಹೋದದ್ದು ಮಾತ್ರ ಮೇಡಂ ರಕ್ತ. ಬಾಟಲಿಯದಲ್ಲ.